ಓದಿದ ಪತ್ರದ ತೆಳು ಅಕ್ಷರ

ಮನೆಗೆಲ್ಲ ಒಂದೇ ಕಂಪ್ಯೂಟರ್, ಅದರಲ್ಲಿ ಎಲ್ಲರ ಇಮೇಲ್ ಸದಾ ತೆರೆದೇ ಇರುವುದು, ಅದರಿಂದ ಹುಟ್ಟುವ ಮನಸ್ತಾಪ: ಈ ದೂರು ನನ್ನ ಕೋಣೆಗೆ ಮತ್ತೆ ಮತ್ತೆ ಬರುತ್ತದೆ. ನಾನು ಕೊಡುವ ಸಲಹೆ ಕೇಳಿ ‘ಇದು ಆಪ್ತಸಲಹೆಯೋ, ಕಂಪ್ಯೂಟರ್ ಪಾಠವೋ’ ಎಂದು ಸಹೋದ್ಯೋಗಿಗಳು ನಕ್ಕದ್ದೂ ಉಂಟು. ಆದ್ದರಿಂದ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಒಂದು ಪ್ರಕರಣವನ್ನು ಬರೆಯುತ್ತಿದ್ದೇನೆ.

ಬಂದವರು ಮೂವತ್ತರ ಆಸುಪಾಸಿನ ದಂಪತಿ. ಬಿ.ಎಡ್. ಮುಗಿಸಿದ್ದ ಪತ್ನಿ ಶಾಲೆಯೊಂದಕ್ಕೆ ಅರ್ಜಿ ಹಾಕಿದ್ದರು. ಸಂದರ್ಶನಕ್ಕೆ ಕರೆದ ಪತ್ರವನ್ನು ಪತಿ ಮೊದಲೇ ತೆರೆದು ಓದಿ, ಹೇಳಲು ಮರೆತರು. ಜಿಮೇಲ್‌ನಲ್ಲಿ ಓದದ ಪತ್ರದ ಸಾಲು ದಪ್ಪ ಅಕ್ಷರದಲ್ಲಿರುತ್ತದೆ; ಯಾರೇ ಒಮ್ಮೆ ತೆರೆದರೂ ಅದು ತೆಳುವಾಗಿ ಹಳೆಯ ಪತ್ರಗಳ ಜೊತೆ ಸೇರಿಹೋಗುತ್ತದೆ. ಆಕೆಯ ಕಣ್ಣಿಗೆ ಅದು ಬೀಳುವಷ್ಟರಲ್ಲಿ ಸಂದರ್ಶನದ ದಿನ ಕಳೆದಿತ್ತು. ಪತಿ ನಿಜವಾಗಿಯೂ ಮರೆತರೇ ಎಂಬುದನ್ನು ನಾನು ಕೆದಕಲಿಲ್ಲ, ಏಕೆಂದರೆ ಉತ್ತರ ಏನೇ ಬಂದರೂ ಆಕೆ ನಂಬುವ ಸ್ಥಿತಿಯಲ್ಲಿರಲಿಲ್ಲ. ಕೆದಕಬೇಕಿತ್ತೇ ಎಂಬ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಮೂರನೆಯ ಭೇಟಿಗೆ ಅತ್ತೆಯವರೂ ಬಂದರು. ‘ನಮ್ಮ ಮನೆಯಲ್ಲಿ ಮುಚ್ಚುಮರೆ ಇಲ್ಲ ಮೇಡಂ, ಗಂಡ ಹೆಂಡತಿಯ ನಡುವೆ ಪಾಸ್‌ವರ್ಡ್ ಯಾಕೆ ಬೇಕು?’ ಎಂದು ಪತಿ ಹಿಂದಿನೆರಡು ಭೇಟಿಗಳಲ್ಲಿ ಹೇಳಿದ್ದನ್ನೇ ಹೇಳಿದರು. ಅಲ್ಲಿಯವರೆಗೆ ಬಾಯಿ ಬಿಡದಿದ್ದ ಆ ಹಿರಿಯರು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಬೀಗದಕೈಯನ್ನು ಮುಟ್ಟಿ ತೋರಿಸಿ, ‘ಇದು ನನ್ನ ಟ್ರಂಕಿಂದು ಕಣೋ. ಮದುವೆಯಾದಾಗಿನಿಂದ ನನ್ನ ಹತ್ತಿರಾನೇ ಇದೆ. ನಿಮ್ಮಪ್ಪ ಒಂದು ದಿನವೂ ಕೇಳಲಿಲ್ಲ. ಒಳಗಿರೋದು ಎರಡು ಸೀರೆ, ನಮ್ಮಮ್ಮ ಬರೆದ ಕಾಗದ, ಅಷ್ಟೆ’ ಎಂದರು. ಮಗ ಬಹಳ ಹೊತ್ತು ಮಾತಾಡಲಿಲ್ಲ. ನಾನೂ ಆಡಲಿಲ್ಲ. ಆಮೇಲೆ ಅವರು ಕೇಳಿದ್ದು ‘ಯಾಕೆ’ ಎಂದಲ್ಲ, ‘ಹೇಗೆ’ ಎಂದು.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವನ್ನು ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿದ್ದನ್ನೂ, ಆ ಅರ್ಜಿದಾರರಾದ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳೆಂಬುದನ್ನೂ ನಾನು ತರಬೇತಿಗಳಲ್ಲಿ ಹೇಳುತ್ತೇನೆ; ದಂಪತಿಯ ಎದುರು ಹೇಳುವುದಿಲ್ಲ. ತೀರ್ಪು ಕೇಳಿಸಿಕೊಂಡ ಗಂಡ ಮರುಗಳಿಗೆ ಪ್ರತಿವಾದಿಯಾಗಿಬಿಡುತ್ತಾನೆ.

ನಾನು ಹೇಳಿದ್ದು ಇಷ್ಟು. ವಿಂಡೋಸ್‌ನಲ್ಲಿ ಇಬ್ಬರಿಗೂ ಬೇರೆ ಬೇರೆ ಬಳಕೆದಾರ ಖಾತೆ ಮಾಡಿ, ಪ್ರತಿಯೊಂದಕ್ಕೂ ಅದರದೇ ಪಾಸ್‌ವರ್ಡ್ ಇಟ್ಟುಕೊಳ್ಳಬೇಕು. ಕ್ರೋಮ್‌ನಲ್ಲಿ ಎರಡು ಪ್ರೊಫೈಲ್ ಮಾಡಿದರೆ ಸಾಕೆಂದು ಬಹಳ ಜನ ತಿಳಿಯುತ್ತಾರೆ, ಆದರೆ ಅದು ಪರದೆ ಎಳೆದಂತೆ ಮಾತ್ರ, ಯಾರು ಬೇಕಾದರೂ ಒಂದು ಕ್ಲಿಕ್‌ನಲ್ಲಿ ಸರಿಸಬಹುದು. ಹಳೆಯ ಖಾತೆಯ ಬ್ರೌಸರ್‌ನಲ್ಲಿ ಉಳಿದಿರುವ ಪಾಸ್‌ವರ್ಡ್‌ಗಳನ್ನು ಅಳಿಸಬೇಕು, ಇಮೇಲ್‌ನ ಪಾಸ್‌ವರ್ಡನ್ನೂ ಬದಲಿಸಬೇಕು, ಪಾಸ್‌ವರ್ಡ್ ಮರೆತಾಗ ಖಾತೆಯನ್ನು ಮರುಪಡೆಯಲು ಕೊಟ್ಟಿರುವ ಮೊಬೈಲ್ ಸಂಖ್ಯೆ ಯಾರದೆಂದು ನೋಡಬೇಕು.

ಮಾತಿನಿಂದ ನಂಬಿಕೆ ಮರಳಿದ ಮೇಲೆ ಬೀಗ ತಾನಾಗಿಯೇ ಬೇಡವಾಗುತ್ತದೆ ಎನ್ನುವ ಸಹೋದ್ಯೋಗಿಗಳಿಗೆ ನನ್ನ ಉತ್ತರವೆಂದರೆ, ದಿನಕ್ಕೆ ಹತ್ತು ಬಾರಿ ‘ಇವತ್ತೂ ನೋಡಿರಬಹುದೇ’ ಎಂದು ಕುದಿಯುವ ಮನಸ್ಸಿಗೆ ನಂಬಿಕೆಯ ಮಾತು ಕೇಳಿಸುವುದೇ ಇಲ್ಲ. ಆದರೆ ಗಂಡನ ಕೈ ಮೇಲೇಳುವ ಮನೆಯಿಂದ ಬಂದವರಿಗೆ ಈ ಸಲಹೆಯನ್ನು ನಾನು ಹೀಗೆ ಕೊಡುವುದಿಲ್ಲ. ಅಲ್ಲಿ ಇದ್ದಕ್ಕಿದ್ದಂತೆ ಬದಲಾದ ಪಾಸ್‌ವರ್ಡೇ ಹೊಡೆತಕ್ಕೆ ನೆಪವಾಗಬಹುದು.

ನಾಲ್ಕನೆಯ ಭೇಟಿಗೆ ಬಂದಾಗ ಎಲ್ಲವನ್ನೂ ಮಾಡಿದ್ದರು, ಒಂದನ್ನು ಬಿಟ್ಟು. ಮರುಪಡೆಯುವ ಸಂಖ್ಯೆ ಇನ್ನೂ ಪತಿಯದೇ ಆಗಿತ್ತು. ‘ಅದು ಅವರದೇ ಇರಲಿ ಮೇಡಂ’ ಎಂದರು ಆಕೆ. ನನಗೆ ಒಪ್ಪಿಗೆಯಾಗಲಿಲ್ಲ, ಆದರೆ ಖಾತೆ ಆಕೆಯದು.