ಓದುಗರ ಪ್ರಶ್ನೆ: ಯಾಜಕಕಾಂಡದಲ್ಲೇ ನಿಂತುಹೋಗುವ ಓದು

ಪ್ರಶ್ನೆ: ಇಡೀ ಬೈಬಲನ್ನು ಒಂದು ವರ್ಷದಲ್ಲಿ ಓದಿ ಮುಗಿಸಬೇಕೆಂದು ಪ್ರತಿ ಜನವರಿಯಲ್ಲೂ ಶುರುಮಾಡುತ್ತೇನೆ. ನಾಲ್ಕು ವರ್ಷಗಳಿಂದ ಒಮ್ಮೆಯೂ ಫೆಬ್ರವರಿ ದಾಟಿಲ್ಲ. ನನ್ನಲ್ಲಿ ಭಕ್ತಿ ಕಡಿಮೆಯೇ?

ಉತ್ತರ: ಭಕ್ತಿಯ ಮಾತು ಇರಲಿ, ಮೊದಲು ಲೆಕ್ಕ ನೋಡೋಣ. 66 ಪುಸ್ತಕಗಳ ಬೈಬಲಿನಲ್ಲಿ 1,189 ಅಧ್ಯಾಯಗಳಿವೆ. ವರ್ಷದಲ್ಲಿ ಮುಗಿಯಬೇಕಾದರೆ ದಿನಕ್ಕೆ ಮೂರಕ್ಕಿಂತ ಸ್ವಲ್ಪ ಹೆಚ್ಚು ಓದಬೇಕು. ಆದಿಕಾಂಡದ 50, ವಿಮೋಚನಕಾಂಡದ 40 ಅಧ್ಯಾಯ ಕಳೆಯುವಷ್ಟರಲ್ಲಿ ಜನವರಿ ಮುಗಿಯುತ್ತಾ ಬಂದಿರುತ್ತದೆ. ವಿಮೋಚನಕಾಂಡದ 25ನೇ ಅಧ್ಯಾಯದಲ್ಲಿ ಕಥೆಯ ಓಟ ನಿಂತು, ಇಸ್ರಾಯೇಲ್ಯರು ಆರಾಧನೆಗೆ ಕಟ್ಟಿದ ಗುಡಾರದ ಅಳತೆಗಳು ಬರುತ್ತವೆ. 35ರಿಂದ ಹೆಚ್ಚುಕಡಿಮೆ ಅವೇ ವಿವರಗಳು ಇನ್ನೊಮ್ಮೆ. ಅದರ ಬೆನ್ನಿಗೇ ಯಾಜಕಕಾಂಡದ ಯಜ್ಞವಿಧಿಗಳು. ಎಷ್ಟೋ ಮಂದಿ ಎಡವುವುದು ಇಲ್ಲೇ. ಜೊತೆಗೆ ಐದು ದಿನ ತಪ್ಪಿದರೆ 16 ಅಧ್ಯಾಯ ಬಾಕಿ. ಆ ಬಾಕಿಯನ್ನು ಒಂದೇ ಭಾನುವಾರ ತೀರಿಸಲು ಕೂತವರಿಗೆ ಓದು ಸಾಲ ತೀರಿಸುವ ಕೆಲಸವಾಗುತ್ತದೆ, ಮಾರನೆಯ ದಿನ ಪುಸ್ತಕ ತೆರೆಯಲೇ ಮನಸ್ಸಾಗುವುದಿಲ್ಲ.

ಹಾಗಾಗಿ ಈ ವರ್ಷ ಹೊಸ ಒಡಂಬಡಿಕೆಯೊಂದನ್ನೇ ಹಿಡಿಯಿರಿ. ಅದರಲ್ಲಿರುವುದು 260 ಅಧ್ಯಾಯ. ವಾರಕ್ಕೆ ಐದು ದಿನ, ದಿನಕ್ಕೊಂದು ಅಧ್ಯಾಯದಂತೆ ಓದಿದರೆ 52 ವಾರಕ್ಕೆ ಸರಿಯಾಗಿ ಮುಗಿಯುತ್ತದೆ. ಉಳಿದ ಎರಡು ದಿನ ತಪ್ಪಿದ್ದನ್ನು ಓದಿಕೊಳ್ಳುವುದಕ್ಕೆ. ಮಾರ್ಕನಿಂದ ಶುರುಮಾಡಿ, 16 ಅಧ್ಯಾಯಗಳ ಆ ಸುವಾರ್ತೆ ಮೂರು ವಾರ ಕಳೆದು ಒಂದು ದಿನಕ್ಕೆ ಮುಗಿಯುತ್ತದೆ, ಮುಗಿಸಿದ ಧೈರ್ಯವೂ ಬರುತ್ತದೆ. ವಾರಕ್ಕಿಂತ ಹಳೆಯ ಬಾಕಿಯನ್ನು ಬಿಟ್ಟುಬಿಡಿ. ಇಂದಿನ ದಿನಾಂಕಕ್ಕೆ ಯಾವ ಅಧ್ಯಾಯವೋ ಅಲ್ಲಿಂದಲೇ ಮುಂದುವರಿಯಿರಿ. ಬಿಟ್ಟುಹೋದದ್ದು ಮುಂದಿನ ಸುತ್ತಿನಲ್ಲಿ ಸಿಗುತ್ತದೆ.

ಅಧ್ಯಾಯ ಮುಗಿದ ಮೇಲೆ ಒಂದೇ ಒಂದು ವಚನ ಆರಿಸಿ ನೋಟ್‌ಬುಕ್ಕಿನಲ್ಲಿ ಕೈಯಿಂದಲೇ ಬರೆಯಿರಿ. ಅದನ್ನು ಇನ್ನೆರಡು ಸಲ ನಿಧಾನವಾಗಿ ಓದಿ, ಅದನ್ನೇ ದೇವರಿಗೆ ಎರಡು ಸಾಲಿನ ಪ್ರಾರ್ಥನೆಯಾಗಿ ತಿರುಗಿಸಿ, ಒಂದು ನಿಮಿಷ ಸುಮ್ಮನೆ ಕೂತು ಏಳಿ. ಇದು ಹೊಸ ತಂತ್ರವೇನಲ್ಲ. ಓದು, ಮನನ, ಪ್ರಾರ್ಥನೆ, ಮೌನಧ್ಯಾನ ಎಂಬ ನಾಲ್ಕು ಮೆಟ್ಟಿಲುಗಳನ್ನು 12ನೇ ಶತಮಾನದಲ್ಲೇ ಎರಡನೆಯ ಗೀಗೊ ಎಂಬ ಸನ್ಯಾಸಿ ಬರೆದಿಟ್ಟಿದ್ದಾರೆ.

ಯಾಜಕಕಾಂಡವನ್ನು ಶಾಶ್ವತವಾಗಿ ಬಿಡಬೇಡಿ. ಮುಂದೆ ಅದಕ್ಕೆ ಹೋದಾಗ 16ನೇ ಅಧ್ಯಾಯವನ್ನು ಇಬ್ರಿಯರಿಗೆ ಬರೆದ ಪತ್ರಿಕೆಯ 9, 10ನೇ ಅಧ್ಯಾಯಗಳ ಜೊತೆ ಇಟ್ಟು ಓದಿ. ಯಜ್ಞದ ಆ ರಕ್ತ, ಗುಡಾರದ ಆ ಪರದೆ ಯಾಕೆಂದು ಆಗ ತಿಳಿಯುತ್ತದೆ. ನೆರೆಯವರನ್ನು ನಿನ್ನಂತೆಯೇ ಪ್ರೀತಿಸು ಎಂದು ಯೇಸು ಎತ್ತಿ ಹೇಳಿದ ಆಜ್ಞೆ ಸಿಗುವುದೂ ಅದೇ ಪುಸ್ತಕದ 19:18ರಲ್ಲಿ.

ಪ್ರಶ್ನೆ: ಪ್ರಾರ್ಥನೆಗೆ ಕೂತರೆ ಎರಡೇ ನಿಮಿಷದಲ್ಲಿ ಮನಸ್ಸು ಎಲ್ಲೆಲ್ಲೋ ಓಡುತ್ತದೆ. ನನಗೆ ರಾತ್ರಿ ಪಾಳಿ ಬೇರೆ. ಬೆಳಗಿನ ಜಾವವೇ ಎದ್ದು ಪ್ರಾರ್ಥಿಸಬೇಕು ಅನ್ನುತ್ತಾರೆ, ಆಗ ನಾನು ಕೆಲಸದಲ್ಲಿರುತ್ತೇನೆ.

ಉತ್ತರ: ಯೇಸು ಮುಂಜಾನೆ ಕತ್ತಲಿರುವಾಗಲೇ ಎದ್ದು ಪ್ರಾರ್ಥಿಸಿದ್ದು ಮಾರ್ಕ 1:35ರಲ್ಲಿದೆ. ರಾತ್ರಿಯೆಲ್ಲಾ ಪ್ರಾರ್ಥಿಸಿದ್ದು ಲೂಕ 6:12ರಲ್ಲಿದೆ. ದಾನಿಯೇಲ ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದ. ಇದೇ ಗಂಟೆಯೆಂಬ ಕಟ್ಟಳೆ ಇಲ್ಲ. ದಿನವೂ ತಪ್ಪದೆ ನಡೆಯುವ ಒಂದು ಕೆಲಸ ಗುರುತಿಸಿ, ಪ್ರಾರ್ಥನೆಯನ್ನು ಅದರ ಬೆನ್ನಿಗೆ ಕಟ್ಟಿ. ನಿಮಗಾದರೆ ಪಾಳಿ ಮುಗಿಸಿ ಬಂದು ಮುಖ ತೊಳೆದ ಕೂಡಲೇ. ಮಲಗಿಕೊಂಡು ಮಾಡಬೇಡಿ, ದಣಿದ ಮೈಗೆ ಹಾಸಿಗೆ ಸಿಕ್ಕರೆ ಆಮೆನ್ ತನಕ ಹೋಗುವುದಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂತುಕೊಳ್ಳಿ.

ಹತ್ತು ನಿಮಿಷ ಸಾಕು. ಮೊಬೈಲ್ ಬೇರೆ ಕೋಣೆಯಲ್ಲಿರಲಿ, ಅಲಾರಂಗೂ ಅದು ಬೇಡ. ಮೊದಲ ಎರಡು ನಿಮಿಷ ಮೌನ. ಆಮೇಲೆ ಒಂದು ಕೀರ್ತನೆಯನ್ನು ಬಾಯಿಬಿಟ್ಟು ಓದಿ. ದಿನಕ್ಕೊಂದರಂತೆ 150 ಕೀರ್ತನೆಗಳು ಸುಮಾರು ಐದು ತಿಂಗಳಿಗೆ ಬರುತ್ತವೆ. ನಂತರ ಕರ್ತನು ಕಲಿಸಿದ ಪ್ರಾರ್ಥನೆ. ಅದನ್ನು ಒಂದೇ ಉಸಿರಿಗೆ ಹೇಳಿ ಮುಗಿಸದೆ, ಒಂದೊಂದು ಬೇಡಿಕೆಯ ಬಳಿ ನಿಂತು ನಿಮ್ಮ ಮಾತು ಸೇರಿಸಿ: ಅನುದಿನದ ಆಹಾರದ ಹತ್ತಿರ ಮನೆಯ ಖರ್ಚು, ಕ್ಷಮಿಸು ಅನ್ನುವ ಹತ್ತಿರ ನಿನ್ನೆ ಜಗಳವಾಡಿದವರ ಹೆಸರು. ಬಾಯಿಬಿಟ್ಟು ಹೇಳುವವರ ಮನಸ್ಸು ಕಡಿಮೆ ಅಲೆಯುತ್ತದೆ, ಏಕೆಂದರೆ ಕಿವಿಗೂ ಒಂದು ಕೆಲಸ ಸಿಗುತ್ತದೆ.

ಪಕ್ಕದಲ್ಲಿ ಚೀಟಿ, ಪೆನ್ನು ಇಟ್ಟುಕೊಳ್ಳಿ. ಮಾಡಬೇಕಾದ ಕೆಲಸ ನೆನಪಾದರೆ ಒಂದು ಪದ ಗೀಚಿ ವಾಪಸಾಗಿ. ಮತ್ತೆಮತ್ತೆ ಒಂದೇ ವಿಷಯ ಬಂದರೆ ಅದು ಅಡ್ಡಿಯಲ್ಲ, ನಿಮ್ಮ ನಿಜವಾದ ಚಿಂತೆ. ಅದನ್ನೇ ದೇವರ ಮುಂದಿಡಿ. ಇತರರಿಗಾಗಿ ಬೇಡುವ ಹೆಸರುಗಳನ್ನು ವಾರದ ಏಳು ದಿನಕ್ಕೆ ಹಂಚಿ. ನಲವತ್ತು ಹೆಸರನ್ನು ಒಂದೇ ದಿನ ಓದಿದರೆ ಶಾಲೆಯಲ್ಲಿ ಹಾಜರಿ ಕರೆದಂತಾಗುತ್ತದೆ, ಯಾರ ಮುಖವೂ ಮನಸ್ಸಿಗೆ ಬರುವುದಿಲ್ಲ.

ಪ್ರಶ್ನೆ: ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತೇನೆ. ಈಸ್ಟರ್‌ಗೆ ಮುಂಚಿನ ಲೆಂಟ್ ಕಾಲದಲ್ಲಿ ಉಪವಾಸ ಮಾಡಬಹುದೇ?

ಉತ್ತರ: ವೈದ್ಯರನ್ನು ಕೇಳದೆ ಒಂದು ಹೊತ್ತೂ ಊಟ ಬಿಡಬೇಡಿ. ಇನ್ಸುಲಿನ್ ಅಷ್ಟೇ ಇದ್ದು ಊಟ ನಿಂತರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ನಡುಕ, ಬೆವರು, ತಲೆ ಮಂಕಾಗುವುದು ಕಂಡರೆ ತಕ್ಷಣ ಸಕ್ಕರೆ ತಿನ್ನಬೇಕು. ಕಥೋಲಿಕ ಸಭೆಯ ನಿಯಮದಲ್ಲೂ ಬೂದಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸ 18ರಿಂದ 59 ವಯಸ್ಸಿನವರಿಗೆ. ಕಾಯಿಲೆಯವರಿಗೆ ವಿನಾಯಿತಿ ಇದೆ. ನೀವು ಹೊತ್ತುಹೊತ್ತಿಗೆ ಉಂಡು ಬೇರೇನಾದರೂ ಬಿಡಿ: ಸಂಜೆಯ ಟಿವಿ, ಮೊಬೈಲು, ಬೇಕಿಲ್ಲದ ಖರೀದಿ.

ಆರೋಗ್ಯವಂತರು ಮೊದಲ ಸಲ ಒಂದೇ ಊಟ ಬಿಟ್ಟು ನೋಡಲಿ. ನೀರು ಚೆನ್ನಾಗಿ ಕುಡಿಯಬೇಕು. ಕಾಫಿ, ಟೀ ಅಭ್ಯಾಸವಿದ್ದವರಿಗೆ ತಲೆನೋವು ಬರುವುದು ಅವು ಏಕಾಏಕಿ ನಿಂತದ್ದರಿಂದ; ಮೂರು ನಾಲ್ಕು ದಿನ ಮೊದಲೇ ಕಡಿಮೆ ಮಾಡುತ್ತಾ ಬನ್ನಿ. ಊಟದ ಆ ಅರ್ಧ ಗಂಟೆಯಲ್ಲಿ ಪ್ರಾರ್ಥನೆ ಇಲ್ಲದಿದ್ದರೆ ಹೊಟ್ಟೆ ಹಸಿಯಿತು ಅಷ್ಟೇ. ಉಳಿದ ಊಟದ ದುಡ್ಡು ಹಸಿದವರಿಗೆ ಹೋಗಲಿ, ಯೆಶಾಯ 58 ಕೇಳುವುದು ಅದನ್ನೇ. ಉಪವಾಸದ ದಿನ ಮನೆಯವರ ಮೇಲೆ ಸಿಡುಕುವುದು ಬಹಳ ಸಾಮಾನ್ಯವಾದ ಸೋಲು. ಸಿಡುಕಿದರೆ ಅಂದೇ ಕ್ಷಮೆ ಕೇಳಿ.

ಪ್ರಶ್ನೆ: ಚಿಕ್ಕ ಮಕ್ಕಳಿದ್ದಾರೆ. ಕುಟುಂಬ ಪ್ರಾರ್ಥನೆ ಎಷ್ಟು ಹೊತ್ತಿರಬೇಕು?

ಉತ್ತರ: ಏಳೆಂಟು ನಿಮಿಷ. ಒಂದು ಹಾಡು, ಸುವಾರ್ತೆಯಿಂದ ಐದಾರು ವಚನ, ಒಂದು ಪ್ರಶ್ನೆ, ಒಬ್ಬೊಬ್ಬರಿಂದ ಒಂದು ವಾಕ್ಯದ ಪ್ರಾರ್ಥನೆ. ನಿದ್ದೆಗಣ್ಣಿಗೆ ಮೊದಲೇ ಮುಗಿಸಿ. ಆ ದಿನದ ತಪ್ಪುಗಳಿಗೆ ಮಕ್ಕಳನ್ನು ಬೈಯಲು ಪ್ರಾರ್ಥನೆಯನ್ನು ದಯವಿಟ್ಟು ಬಳಸಬೇಡಿ.

ಪ್ರಶ್ನೆ: ತಾಯಿ ತೀರಿಕೊಂಡು ಮೂರು ತಿಂಗಳಾಯಿತು. ಅಂದಿನಿಂದ ಬೈಬಲ್ ತೆರೆದಿಲ್ಲ. ಪ್ರಾರ್ಥನೆಗೆ ಮಾತೇ ಬರುವುದಿಲ್ಲ. ದೇವರಿಗೆ ಮುಖ ತೋರಿಸಲು ನಾಚಿಕೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆವು. ನಾಚಿಕೆಪಡುವಂಥದ್ದು ಅದರಲ್ಲಿ ಏನೂ ಇಲ್ಲ. 13ನೇ ಕೀರ್ತನೆಯಲ್ಲಿರುವುದು ಬರೀ ಆರು ವಚನ, ಮೊದಲೆರಡರಲ್ಲೇ ನಾಲ್ಕು ಸಲ ‘ಇನ್ನೆಷ್ಟು ಕಾಲ’ ಎಂದು ದೇವರನ್ನು ಕೇಳಲಾಗಿದೆ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಯಲ್ಲಿ ಸಮಾಧಾನದ ಒಂದು ಸಾಲನ್ನೂ ಅಂಟಿಸಿಲ್ಲ. ಅದೂ ದೇವರ ವಾಕ್ಯವೇ. ಈ ಎರಡನ್ನು ಒಂದು ದಿನ ಬಿಟ್ಟು ಒಂದು ದಿನ ಓದಿ, ಬೇರೇನೂ ಬೇಡ. ಓದಲೂ ಆಗದ ದಿನ ಸುಮ್ಮನೆ ಐದು ನಿಮಿಷ ಕೂತಿರಿ. ಹೇಗೆ ಬೇಡಬೇಕೆಂದು ನಮಗೆ ತಿಳಿಯದಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆಂದು ರೋಮಾಪುರದವರಿಗೆ ಬರೆದ ಪತ್ರಿಕೆ 8:26ರಲ್ಲಿದೆ.

ಸಭೆಯಲ್ಲಿ ನಂಬಿಕಸ್ಥರಾದ ಒಬ್ಬರಿಗೆ ಹೇಳಿ, ವಾರಕ್ಕೊಮ್ಮೆ ಬಂದು ಪಕ್ಕದಲ್ಲಿ ಕೂತು ಓದಲಿ. ಬುದ್ಧಿವಾದ ಬೇಡವೆಂದು ಮೊದಲೇ ತಿಳಿಸಿಬಿಡಿ. ನಿದ್ದೆ, ಊಟ ವಾರಗಟ್ಟಲೆ ಕೆಟ್ಟಿದ್ದರೆ ವೈದ್ಯರನ್ನೂ ಕಾಣಿ. ಬದುಕೇ ಬೇಡ ಅನ್ನಿಸಿದರೆ ಅದೇ ದಿನ ಮನೆಯವರಿಗೆ ಹೇಳಿ, ಒಬ್ಬರೇ ಇರಬೇಡಿ. ಭಾನುವಾರ ಸಾಧ್ಯವಾದರೆ ಚರ್ಚಿಗೆ ಹೋಗಿ ಕೊನೆಯ ಸಾಲಿನಲ್ಲಿ ಕೂತುಕೊಳ್ಳಿ. ಹಾಡಲು ಬಾಯಿ ಬರದಿದ್ದರೆ ಬೇಡ, ಸುತ್ತಲಿನವರು ಹಾಡುತ್ತಿರುತ್ತಾರೆ.