ಡ್ರ್ಯಾಗ್ ಶೋಗಳಿಂದ, ಅಂದರೆ ಹೆಚ್ಚಾಗಿ ಗಂಡಸರು ಹೆಣ್ಣುವೇಷ ಹಾಕಿ ಹಾಡಿ ಕುಣಿಯುವ ಪ್ರದರ್ಶನಗಳಿಂದ, ವಿದ್ಯಾರ್ಥಿವೇತನಕ್ಕೆ ದುಡ್ಡು ಕೂಡಿಸುವ ಪದ್ಧತಿ ಹೇಗೆ ಶುರುವಾಯಿತು?

ಅಮೆರಿಕದಲ್ಲಿ ಇದರ ದೊಡ್ಡ ಬೇರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದೆ. ಹೊಸೆ ಸಾರಿಯಾ ಎಂಬ ಸಲಿಂಗಿ ಕಲಾವಿದರು ಅಲ್ಲಿನ ಬ್ಲ್ಯಾಕ್ ಕ್ಯಾಟ್ ಬಾರ್‌ನಲ್ಲಿ ಹೆಣ್ಣುವೇಷ ಹಾಕಿ ಹಾಡುತ್ತಿದ್ದರು. ಆಗ ಈ ವೇಷದಲ್ಲಿ ಬೀದಿಗೆ ಬಂದರೆ ಪೊಲೀಸರು ಹಿಡಿಯುತ್ತಿದ್ದರು. ಮೋಸ ಮಾಡಲು ವೇಷ ಹಾಕಿದ್ದಾರೆ ಅನ್ನೋ ಆರೋಪ ಬೇರೆ. ಅದಕ್ಕೇ ಸಾರಿಯಾ 'ನಾನು ಹುಡುಗ' ಎಂದು ಬರೆದ ಚೀಟಿಗಳನ್ನು ವೇಷ ಹಾಕಿದವರಿಗೆಲ್ಲ ಹಂಚಿದರು. ಚೀಟಿ ಅಂಟಿಸಿಕೊಂಡವರ ಮೇಲೆ ಮೋಸದ ಆರೋಪ ನಿಲ್ಲೋದಿಲ್ಲ, ಅಲ್ವಾ? ಎಂಥ ಧೈರ್ಯ ನೋಡಿ! 1961ರಲ್ಲಿ ಅವರು ನಗರದ ಚುನಾವಣೆಗೂ ನಿಂತರು. ಗೆಲ್ಲಲಿಲ್ಲ, ಆದರೆ ಸಾವಿರಾರು ಮತ ಬಂದವು.

1960ರ ದಶಕದ ಮಧ್ಯದಲ್ಲಿ ಒಂದು ನೃತ್ಯಕೂಟದಲ್ಲಿ ಅವರನ್ನು ರಾಣಿಯಾಗಿ ಆರಿಸಿದರು. ಸಾರಿಯಾ ತಾವು ಸಾಮ್ರಾಜ್ಞಿಯೇ ಎಂದು ಘೋಷಿಸಿಕೊಂಡರು. ಅಲ್ಲಿಂದ ಇಂಪೀರಿಯಲ್ ಕೋರ್ಟ್ (ಸಾಮ್ರಾಜ್ಞಿಯ ಆಸ್ಥಾನ) ಎಂಬ ಸೇವಾಸಂಸ್ಥೆ ಹುಟ್ಟಿತು. ಮುಂದೆ ಅಮೆರಿಕ, ಕೆನಡಾ, ಮೆಕ್ಸಿಕೋದ ಹಲವು ಊರುಗಳಲ್ಲಿ ಶಾಖೆಗಳಾದವು.

ಇವರ ಶೋ ನಡೆಯುವ ರೀತಿ ಸರಳ. ಹಾಡಿ ಕುಣಿಯುವವರ ಕೈಗೆ ಜನ ಡಾಲರ್ ನೋಟು ಕೊಡುತ್ತಾರೆ. ಆ ದುಡ್ಡು ಕಲಾವಿದರ ಜೇಬಿಗಲ್ಲ, ಸೇವಾನಿಧಿಗೆ ಹೋಗುತ್ತದೆ. ಹಲವು ಶಾಖೆಗಳು ಅದರಿಂದಲೇ ವಿದ್ಯಾರ್ಥಿವೇತನ ಕೊಡುತ್ತವೆ. ತಾವು ಸಲಿಂಗಿ ಅಥವಾ ಟ್ರಾನ್ಸ್‌ಜೆಂಡರ್ ಎಂದು ಹೇಳಿಕೊಂಡಿದ್ದಕ್ಕೇ ಮನೆಯಿಂದ ಹೊರಬಿದ್ದ ಮಕ್ಕಳಿಗೆ ಫೀಸು ಕಟ್ಟುವವರು ಯಾರೂ ಇರುವುದಿಲ್ಲ. ನನಗೆ ಈ ಕೆಲಸದ ಮೇಲೆ ಗೌರವ ಜಾಸ್ತಿ ಇರುವುದು ಅದಕ್ಕೇ.

ಬಾರ್‌ನೊಳಗೆ ಅಡಗಿದ್ದ ಕಲೆ ಈಗ ಪ್ರೈಡ್ (ಲೈಂಗಿಕ ಅಲ್ಪಸಂಖ್ಯಾತರ ಹೆಮ್ಮೆಯ ಹಬ್ಬ) ದಿನಗಳಲ್ಲಿ ಪಾರ್ಕಿನ ಬಯಲಿಗೆ ಬಂದಿದೆ. ನ್ಯೂಯಾರ್ಕಿನಲ್ಲಿ 1980ರ ದಶಕದಲ್ಲೇ ಟಾಂಪ್ಕಿನ್ಸ್ ಸ್ಕ್ವೇರ್ ಪಾರ್ಕಿನಲ್ಲಿ ವಿಗ್‌ಸ್ಟಾಕ್ ಎಂಬ ಬಯಲು ಡ್ರ್ಯಾಗ್ ಹಬ್ಬ ಶುರುವಾಗಿತ್ತು.