ಪೈಪಿನ ಮೇಲೆ ಒಂದು ಹೆಸರು, ಬೆಸುಗೆಯಲ್ಲಿ ಇನ್ನೊಂದು ಕೈ

ಪ್ರಶ್ನೆ: ನಾನು ಬದಿಯಡ್ಕ ಸಮೀಪದ ಶಾಲೆಯೊಂದರಲ್ಲಿ ಅಧ್ಯಾಪಕ. ಹೊಸದುರ್ಗದ ಪರಿಚಯಸ್ಥರೊಬ್ಬರು ಶಾರ್ಜಾ ಬಿಟ್ಟು ಊರಿಗೆ ಬರುವಾಗ ತಂದಿದ್ದ ಟೈಟಾನಿಯಂ ರೇಸ್ ಸೈಕಲ್ಲಿನ ಫ್ರೇಮನ್ನು ಅವರಿಂದ ಕೊಂಡುಕೊಂಡೆ. ಕೆಳಗಿನ ಪೈಪಿನ ಮೇಲೆ ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಕಂಪೆನಿಯ ಸ್ಟಿಕ್ಕರ್ ಇದೆ. ಮಂಗಳೂರಿನ ಸ್ನೇಹಿತರು ನೋಡಿ, "ಇದು ಬೆಲ್ಜಿಯಂ ಕೆಲಸವೇ ಅಲ್ಲ, ಅಮೆರಿಕದ್ದು. ಯಾರೋ ಸ್ಟಿಕ್ಕರ್ ಅಂಟಿಸಿ ದಾಟಿಸಿದ್ದಾರೆ" ಎಂದರು. ಇನ್ನೊಬ್ಬರು ಚೀನಾ ಮಾಲು ಎಂದರು. ಮಾರಿದವರೂ ಅಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡದ್ದು, ಅವರಿಗೆ ಹೆಚ್ಚೇನೂ ತಿಳಿಯದು. ಫೋಟೊ, ಅಳತೆ ಕಳಿಸಿದ್ದೇನೆ. ಇದನ್ನು ನಿಜವಾಗಿ ಕಟ್ಟಿದವರು ಯಾರು? ನಾನು ಮೋಸ ಹೋದೆನೇ?

ಉತ್ತರ: ಮಾಷ್ಟ್ರೇ, ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ಕಳಿಸಿದ ಫೋಟೊಗಳನ್ನು ನೋಡಿದರೆ ಮೋಸದ ಲಕ್ಷಣ ನನಗೆ ಕಾಣಲಿಲ್ಲ. ಮಂಗಳೂರಿನ ಸ್ನೇಹಿತರು ಅಮೆರಿಕದ ಕೆಲಸ ಎಂದದ್ದು ಸರಿಯೇ ಇರಬೇಕು, ಆದರೆ ಅದರಿಂದ ಅವರು ತೆಗೆದ ತೀರ್ಮಾನ ತಪ್ಪು. 1990ರ ದಶಕದಲ್ಲಿ ಮರ್ಕ್ಸ್ ಹೆಸರಿನಲ್ಲಿ ಬಂದ ಟೈಟಾನಿಯಂ ಫ್ರೇಮುಗಳನ್ನು ಕಟ್ಟಿಕೊಟ್ಟದ್ದು ಅಮೆರಿಕದ ಟೆನೆಸ್ಸಿ ರಾಜ್ಯದ ಲೈಟ್‌ಸ್ಪೀಡ್. ಚಟ್ಟನೂಗದಲ್ಲಿ ಮೆಷಿನ್ ಶಾಪ್ ಇಟ್ಟುಕೊಂಡಿದ್ದ ಲಿನ್‌ಸ್ಕಿ ಕುಟುಂಬ ಶುರು ಮಾಡಿದ ಕಂಪೆನಿ ಅದು. ಹಾಗಾಗಿ ಮರ್ಕ್ಸ್ ಸ್ಟಿಕ್ಕರಿನ ಅಡಿಯಲ್ಲಿ ಅಮೆರಿಕದ ಬೆಸುಗೆ ಸಿಕ್ಕಿದರೆ ಗಾಬರಿ ಬೇಡ. ಸಿಗಬೇಕಾದದ್ದೇ ಅದು.

ಮರ್ಕ್ಸ್ ವಿಷಯದಲ್ಲಿ ಇದು ಹೊಸತೇನೂ ಅಲ್ಲ. ಟೂರ್ ಡಿ ಫ್ರಾನ್ಸ್ ಎಂಬ ದೊಡ್ಡ ಸೈಕಲ್ ರೇಸನ್ನು ಐದು ಸಲ ಗೆದ್ದ ಮನುಷ್ಯ ಅವರು. ಮೊಲ್ಟೆನಿ ತಂಡದಲ್ಲಿದ್ದಾಗ ಅವರು ತುಳಿದ ಸೈಕಲ್ಲುಗಳ ಮೇಲೆ ಅವರದೇ ಹೆಸರಿತ್ತು. ಕಟ್ಟಿದವರು ಮಾತ್ರ ಇಟಲಿಯ ಎರ್ನೆಸ್ಟೊ ಕೊಲ್ನಾಗೊ, ಅವರ ನಂತರ ಉಗೊ ಡಿ ರೋಸಾ. 1972ರಲ್ಲಿ ಮೆಕ್ಸಿಕೊ ಸಿಟಿಯಲ್ಲಿ ಒಂದು ಗಂಟೆಯಲ್ಲಿ 49.431 ಕಿಲೋಮೀಟರ್ ತುಳಿದು ದಾಖಲೆ ಬರೆದರಲ್ಲ, ಆ ಸೈಕಲ್ಲನ್ನೂ ಕಟ್ಟಿದ್ದು ಕೊಲ್ನಾಗೊ. ಅದರ ಮೇಲೆ ಅಂಟಿಸಿದ್ದು ಮೆಕ್ಸಿಕೊದ ವಿಂಡ್ಸರ್ ಎಂಬ ಕಂಪೆನಿಯ ಹೆಸರು! ಬ್ರಸೆಲ್ಸಿನಲ್ಲಿ ಮರ್ಕ್ಸ್ ಹೆಸರಿನದೇ ಮೆಟ್ರೊ ನಿಲ್ದಾಣವಿದೆ, ಆ ಸೈಕಲ್ಲನ್ನು ಅಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದಾರೆ. ಮರ್ಕ್ಸ್ ಬ್ರಸೆಲ್ಸ್ ಹತ್ತಿರದ ಮೈಸೆಯಲ್ಲಿ ಸ್ವಂತ ಕಾರ್ಖಾನೆ ತೆರೆದದ್ದು 1980ರಲ್ಲಿ. ಡಿ ರೋಸಾ ಅವರೇ ಕೆಲಸ ಕಲಿಸಿಕೊಟ್ಟರು. ಆದರೆ ಅದು ಉಕ್ಕಿನ ಕೆಲಸ. ಉಕ್ಕನ್ನು ಹಿತ್ತಾಳೆಯಿಂದ ಬೆಸೆಯಲು ಬಂದವನಿಗೆ ಟೈಟಾನಿಯಂ ಬೆಸೆಯಲು ಬರಬೇಕೆಂದಿಲ್ಲ. ಅದಕ್ಕೆ ಬೇರೆಯೇ ಶಾಪ್, ಬೇರೆಯೇ ಕೈ ಬೇಕು. ಬಲ್ಲವರಿಂದ ಮಾಡಿಸಿಕೊಂಡರು ಮರ್ಕ್ಸ್. ನನಗೆ ಅದು ಮರ್ಯಾದೆಯ ದಾರಿಯಾಗಿಯೇ ಕಾಣುತ್ತದೆ.

ಲೈಟ್‌ಸ್ಪೀಡಿನವರು ಹೀಗೆ ಬೇರೆಯವರ ಹೆಸರಿನಲ್ಲಿ ಇನ್ನೂ ಕೆಲಸ ಮಾಡಿದ್ದಾರೆ. 1999ರ ಟೂರ್‌ನ ಟೈಮ್ ಟ್ರಯಲ್‌ನಲ್ಲಿ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ತುಳಿದ ಸೈಕಲ್ಲಿನ ಮೇಲೆ ಟ್ರೆಕ್ ಎಂದು ಬರೆದಿತ್ತು, ಬಣ್ಣದ ಅಡಿಯಲ್ಲಿದ್ದದ್ದು ಲೈಟ್‌ಸ್ಪೀಡಿನ ಬ್ಲೇಡ್ ಫ್ರೇಮ್. (ಉದ್ದೀಪನ ಮದ್ದಿನ ಕಾರಣಕ್ಕೆ ಆ ಗೆಲುವನ್ನು 2012ರಲ್ಲಿ ಕಿತ್ತುಕೊಂಡರು, ಅದು ಫ್ರೇಮಿನ ತಪ್ಪಲ್ಲ.) ಹೆಸರು ಅದೇ ಉಳಿದು ಕಟ್ಟುವ ಊರೇ ಬದಲಾದದ್ದೂ ಉಂಟು. ಮರ್ಲಿನ್ ಎಂಬ ಪ್ರಸಿದ್ಧ ಟೈಟಾನಿಯಂ ಫ್ರೇಮು ಮೊದಲು ಮಸಾಚುಸೆಟ್ಸ್‌ನಲ್ಲಿ ಆಗುತ್ತಿತ್ತು. 2000ದಲ್ಲಿ ಲೈಟ್‌ಸ್ಪೀಡಿನ ಮಾಲೀಕರು ಅದನ್ನು ಕೊಂಡ ಮೇಲೆ ಕೆಲಸ ಟೆನೆಸ್ಸಿಗೆ ಹೋಯಿತು. ಮರ್ಲಿನ್‌ನಲ್ಲಿ ಕೈ ಪಳಗಿಸಿಕೊಂಡವರು 1997ರಲ್ಲೇ ಹೊರಬಂದು ಸೆವೆನ್ ಎಂಬ ಕಂಪೆನಿ ಕಟ್ಟಿದ್ದರು. ಲಿನ್‌ಸ್ಕಿಗಳು ಕೂಡ 1999ರಲ್ಲಿ ಲೈಟ್‌ಸ್ಪೀಡನ್ನು ಮಾರಿ, ಕೆಲವು ವರ್ಷಗಳ ನಂತರ ತಮ್ಮ ಮನೆತನದ ಹೆಸರಿನಲ್ಲೇ ಪುನಃ ಫ್ರೇಮು ಕಟ್ಟಲು ಕೂತರು. ಸ್ಟಿಕ್ಕರನ್ನು ಮಾತ್ರ ಓದಿದವನಿಗೆ ಈ ಓಡಾಟ ಯಾವುದೂ ಕಾಣುವುದಿಲ್ಲ. ಯಕ್ಷಗಾನದ ಕರಪತ್ರದಲ್ಲಿ ಮೇಳದ ಹೆಸರಿರುತ್ತದೆ, ಕಿರೀಟ ಕೆತ್ತಿದವನ ಹೆಸರು ಇರುವುದಿಲ್ಲವಲ್ಲ, ಹಾಗೆ.

ಇನ್ನು ನಿಮ್ಮ ಫ್ರೇಮಿಗೆ ಬರುವ. ಟೈಟಾನಿಯಂ ಫ್ರೇಮಿಗೆ ಸಾಮಾನ್ಯವಾಗಿ ಬಣ್ಣ ಬಳಿಯುವುದಿಲ್ಲ, ತುಕ್ಕು ಹಿಡಿಯದ ಲೋಹಕ್ಕೆ ಬಣ್ಣದ ಹಂಗಿಲ್ಲ. ಸ್ಟಿಕ್ಕರನ್ನು ಯಾರೂ ಕೀಳಬಹುದು, ಯಾರೂ ಹಚ್ಚಬಹುದು. ಆದ್ದರಿಂದ ಎಲ್ಲದಕ್ಕಿಂತ ಸಡಿಲ ಸಾಕ್ಷಿ ಅದೇ. ಆದರೂ ಒಮ್ಮೆ ನೋಡಿ: ರಾತ್ರಿ ದೀಪ ಆರಿಸಿ ಟಾರ್ಚನ್ನು ಪೈಪಿಗೆ ಸಮಾನಾಂತರವಾಗಿ ಹಿಡಿದರೆ, ಹಿಂದೆ ಬೇರೆ ಸ್ಟಿಕ್ಕರ್ ಇದ್ದಿದ್ದರೆ ಅದರ ಅಕ್ಷರಗಳ ನೆರಳು ಲೋಹದ ಮೇಲೆ ತೇಲಿ ಬರುತ್ತದೆ. ಓರೆ ಬೆಳಕಿನಲ್ಲಿ ನೀವು ತೆಗೆದ ಫೋಟೊದಲ್ಲಿ ಅಂಥದ್ದೇನೂ ಕಾಣಲಿಲ್ಲ.

ಅಳತೆ ಸ್ಟಿಕ್ಕರಿಗಿಂತ ಗಟ್ಟಿ ಸಾಕ್ಷಿ. ಹಿಂದಿನ ಚಕ್ರ ಕೂರುವ ಎರಡು ಡ್ರಾಪ್‌ಔಟುಗಳ ನಡುವೆ 130 ಮಿಲಿಮೀಟರ್ ಎಂದಿರಿ. ಆರು, ಏಳು ಗೇರಿನ ಕಾಲದಲ್ಲಿ ಅದು 126 ಇತ್ತು, ಎಂಟು ಗೇರ್ ಬಂದ ಮೇಲೆ 130 ಆಯಿತು. ಅಂದರೆ 1990ಕ್ಕಿಂತ ತುಂಬ ಹಿಂದೆ ಹೋಗುವ ಹಾಗಿಲ್ಲ. ಫೋರ್ಕಿನ ಕಾಂಡ 25.4 ಮಿಲಿಮೀಟರ್, ಅಂದರೆ ಒಂದು ಇಂಚು. ರೇಸ್ ಸೈಕಲ್ಲುಗಳು ತೊಂಬತ್ತರ ದಶಕದ ಕೊನೆಯಿಂದ ಒಂದೂ ಒಂದು ಎಂಟಾಂಶ ಇಂಚಿಗೆ, ಅಂದರೆ 28.6ಕ್ಕೆ, ದಾಟತೊಡಗಿದವು. ಡಿಸ್ಕ್ ಬ್ರೇಕಿಗೆ ಜಾಗವೂ ಇಲ್ಲ. ಈ ಮೂರನ್ನೂ ಸೇರಿಸಿದರೆ ನಿಮ್ಮ ಫ್ರೇಮಿನ ಪ್ರಾಯ ತೊಂಬತ್ತರ ದಶಕಕ್ಕೆ ಬಂದು ನಿಲ್ಲುತ್ತದೆ. ಚೀನಾದ ಬಾವೊಜಿ, ಶಿಯಾನ್ ಕಡೆ ಇವತ್ತು ಟೈಟಾನಿಯಂ ಕೆಲಸ ಜೋರಾಗಿದೆ, ಅಲ್ಲಿಯೂ ಒಳ್ಳೊಳ್ಳೆಯ ಕೈಗಳಿವೆ. ಆದರೆ ಈಗ ಅಲ್ಲಿಂದ ಬರುವ ಫ್ರೇಮುಗಳಲ್ಲಿ, ಫೋರ್ಕಿನ ಕಾಂಡ ಹಾಯುವ ತಲೆಯ ಪೈಪು ನಿಮ್ಮದರಷ್ಟು ಸಪೂರ ಇರುವುದು ಅಪರೂಪ. ಬಿಬಿ ಶೆಲ್ಲಿನ, ಅಂದರೆ ಪೆಡಲಿನ ಅಚ್ಚು ಕೂರುವ ಗುಂಡು ಕೊಳವೆಯ, ಅಗಲ 68 ಮಿಲಿಮೀಟರ್, ಇಂಗ್ಲಿಷ್ ಥ್ರೆಡ್ ಎಂದು ಬರೆದಿದ್ದೀರಿ. ಇಟಲಿಯ ಪದ್ಧತಿಯಾದರೆ 70 ಇದ್ದು ಎರಡೂ ಬದಿಗೆ ಬಲ ಥ್ರೆಡ್ಡೇ ಇರುತ್ತಿತ್ತು. ಗಿರಾಕಿ ಕೇಳಿದಂತೆ ಥ್ರೆಡ್ ಹಾಕಿಕೊಡುವ ರೂಢಿಯೂ ಇದ್ದುದರಿಂದ ಇದಕ್ಕೆ ನಾನು ಹೆಚ್ಚು ತೂಕ ಕೊಡುವುದಿಲ್ಲ.

ನಾನು ಬಹಳ ಹೊತ್ತು ನೋಡಿದ್ದು ಬೆಸುಗೆಯ ಫೋಟೊಗಳನ್ನು. ಕುಂಬಳೆಯಲ್ಲಿ ಸೈಕಲ್ ಅಂಗಡಿ ಇಡುವ ಮೊದಲು ಬಹುಕಾಲ ಗಲ್ಫಿನಲ್ಲಿ ಆರ್ಗಾನ್ ವೆಲ್ಡಿಂಗ್ ಮಾಡಿದವ ನಾನು, ಆ ಗೆರೆಯನ್ನು ಬೇಗ ಬಿಟ್ಟು ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಸೀಟ್ ಪೈಪು ಬಂದು ಬಿಬಿ ಶೆಲ್ಲಿಗೆ ಸೇರುವ ಜಾಗದ ಚಿತ್ರವನ್ನು ನೀವೂ ದೊಡ್ಡದು ಮಾಡಿ ನೋಡಿ. ಅಲೆ ಅಲೆಯಾಗಿ ಹೋದ ಸಣ್ಣ ಗೆರೆ, ಒಂದು ಅಲೆಗೂ ಇನ್ನೊಂದಕ್ಕೂ ಅಂತರ ಒಂದೇ. ಇಕ್ಕಟ್ಟಾದ ಮೂಲೆಗೆ ಬಂದಾಗಲೂ ಅಗಲ ಹೆಚ್ಚಲಿಲ್ಲ. ಅಲ್ಲಿ ವೆಲ್ಡರ್ ತನ್ನ ಮೈಯನ್ನೇ ತಿರುಗಿಸಬೇಕು, ಕೈ ನಿಂತರೆ ಲೋಹ ಗುಡ್ಡೆಯಾಗುತ್ತದೆ. ಇಲ್ಲಿ ಕೈ ನಿಂತ ಗುರುತೇ ಇಲ್ಲ. ಬಣ್ಣ ಬೆಳ್ಳಿಯದು. ಬಿಸಿ ಟೈಟಾನಿಯಂಗೆ ಗಾಳಿ ತಾಗಿದರೆ ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ನೀಲಿ, ಕೊನೆಗೆ ಬೂದಿಯಂಥ ಬಿಳಿ ಪುಡಿ ಬರುತ್ತದೆ. ಹೊರಗಿನ ಬಣ್ಣವನ್ನು ಉಜ್ಜಿ ತೆಗೆಯಬಹುದು, ಒಳಗಿನದನ್ನು ಉಜ್ಜಲು ಕೈ ಹೋಗುವುದಿಲ್ಲ. ಬಿಬಿ ಕಪ್ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟು ನೋಡಿ. ಅಲ್ಲಿಯೂ ಬೆಳ್ಳಿಯೇ ಇದ್ದರೆ ಪೈಪಿನ ಒಳಗೂ ಆರ್ಗಾನ್ ತುಂಬಿಸಿ, ತಾಳ್ಮೆಯಿಂದ ಮಾಡಿದ ಕೆಲಸ ಎಂದರ್ಥ.

ಇನ್ನು ನಂಬರ್. ಫ್ರೇಮನ್ನು ತಲೆಕೆಳಗು ಮಾಡಿ ತೆಗೆದ ನಿಮ್ಮ ಫೋಟೊದಲ್ಲಿ, ಗೇರ್ ಕೇಬಲ್ ಹಾಯುವ ಕಪ್ಪು ಪ್ಲಾಸ್ಟಿಕ್ ತುಂಡಿನ ಅಂಚಿನಿಂದ ಎರಡು ಅಂಕೆಗಳ ತುದಿ ಹೊರಗೆ ಇಣುಕುತ್ತಿದೆ. ನಂಬರೇ ಇಲ್ಲ ಎಂದು ಬರೆದಿದ್ದೀರಿ, ಅದು ಅಡಗಿ ಕೂತದ್ದು ಅಲ್ಲಿ. ಒಂದೇ ಸ್ಕ್ರೂ ಇರುತ್ತದೆ, ಬಿಚ್ಚಿ. ಸೀಮೆಎಣ್ಣೆಯಲ್ಲಿ ಅದ್ದಿದ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಗ್ರೀಸು ತೊಳೆದು ಒಣಗಿಸಿ. ನೀವು ಮಾಷ್ಟ್ರು, ಸೀಮೆಸುಣ್ಣಕ್ಕೆ ಬರವಿಲ್ಲ. ಅದನ್ನು ಅಡ್ಡವಾಗಿ ಉಜ್ಜಿ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ತೆಳ್ಳಗೆ ಕೊರೆದ ಅಂಕೆಗಳಲ್ಲಿ ಮಾತ್ರ ಬಿಳುಪು ಉಳಿಯುತ್ತದೆ. ಆ ನಂಬರನ್ನೂ, ಡ್ರಾಪ್‌ಔಟಿನ ನೇರ ಫೋಟೊವನ್ನೂ, ಅಳತೆಗಳನ್ನೂ ಲೈಟ್‌ಸ್ಪೀಡಿಗೆ ಬರೆದು ಕೇಳಿ, ಆ ಕಂಪೆನಿ ಈಗಲೂ ಇದೆ. ಮರ್ಕ್ಸ್ ಕಂಪೆನಿಗೂ ಒಂದು ಪ್ರತಿ ಹಾಕಿ. ಡ್ರಾಪ್‌ಔಟಿನ ಆಕಾರ, ಹಿಂಬದಿಯ ಬ್ರೇಕ್ ಕೂರುವ ಅಡ್ಡಪಟ್ಟಿ, ಕೇಬಲ್ ತಡೆಯ ಗುಬ್ಬಿಗಳು ಪೈಪಿನ ಯಾವ ಬದಿಯಲ್ಲಿವೆ ಎಂಬುದು, ಇವನ್ನೆಲ್ಲ ಆ ವರ್ಷಗಳ ಕ್ಯಾಟಲಾಗಿನ ಚಿತ್ರಗಳ ಪಕ್ಕ ಇಟ್ಟು ನೋಡಿ. ನಂಬರ್ ಸಿಕ್ಕಿದರೆ ಅದು ಎಲ್ಲಿಯಾದರೂ ಕಳವಾದ ಸೈಕಲ್ಲಿನದ್ದೋ ಎಂಬುದನ್ನೂ ವಿಚಾರಿಸಲು ದಾರಿಯಾಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ: ತೊಂಬತ್ತರ ದಶಕದ ಫ್ರೇಮು, ನುರಿತ ಶಾಪಿನ ಕೆಲಸ, ಲೈಟ್‌ಸ್ಪೀಡ್ ಕಟ್ಟಿದ ಮರ್ಕ್ಸ್ ಎಂಬುದಕ್ಕೆ ಎಲ್ಲ ಹೊಂದುತ್ತದೆ. ಮುದ್ರೆ ಒತ್ತುವುದು ಆ ನಂಬರ್. ಉತ್ತರ ಬಂದರೆ ಕಟ್ಟಿದ ಊರು, ವರ್ಷ, ಸಾಧ್ಯವಾದರೆ ಬೆಸೆದವನ ಹೆಸರನ್ನೂ ಒಂದು ಕಾಗದದಲ್ಲಿ ಬರೆದು ಬಿಲ್ಲಿನ ಜೊತೆ ಇಡಿ. ಗಲ್ಫಿನ ಪ್ಲಾಂಟುಗಳಲ್ಲಿ ಪ್ರತಿಯೊಬ್ಬ ವೆಲ್ಡರನಿಗೂ ಒಂದು ನಂಬರ್ ಕೊಡುತ್ತಾರೆ. ಬೆಸೆದ ಜಾಯಿಂಟಿನ ಪಕ್ಕ ಅದನ್ನು ಬರೆಯಲೇಬೇಕು. ಮುಂದೆ ಸೋರಿದರೆ ಯಾರ ಕೈ ಎಂದು ತಿಳಿಯಲಿ ಅಂತ. ಕೆಲಸ ಚೆನ್ನಾಗಿದ್ದರೂ ಯಾರ ಕೈ ಎಂದು ತಿಳಿಯಬೇಕು, ಇದು ನನ್ನ ಹಠ. ಬೆಲೆ ಹೆಚ್ಚುತ್ತದೋ ಇಳಿಯುತ್ತದೋ ಆಮೇಲಿನ ಮಾತು.

ಒಂದು ಮರೆಯಬೇಡಿ. ಅಲ್ಯೂಮಿನಿಯಂ ಸೀಟ್ ಕಂಬವನ್ನು ಟೈಟಾನಿಯಂ ಪೈಪಿನೊಳಗೆ ಒಣದಾಗಿ ತುರುಕಬೇಡಿ. ನಮ್ಮ ಉಪ್ಪುಗಾಳಿಗೂ ಮಳೆಗಾಲಕ್ಕೂ ಎರಡು ಲೋಹಗಳು ಕಚ್ಚಿಕೊಂಡರೆ ಮತ್ತೆ ಬಿಡಿಸುವುದು ಬಹಳ ಕಷ್ಟ. ಆ್ಯಂಟಿ-ಸೀಜ್ ಪೇಸ್ಟ್ ಹಚ್ಚಿ, ಆಟಿ ಮುಗಿದ ಮೇಲೆ ಒಮ್ಮೆ ಹೊರಗೆಳೆದು ಒರೆಸಿ ಪುನಃ ಹಚ್ಚಿ.

ಪ್ರಶ್ನೆ: ಕೇರಳದ ಸಮುದ್ರದ ಮರಳಿನಲ್ಲೇ ಟೈಟಾನಿಯಂ ಇದೆಯಂತೆ. ಹಾಗಿದ್ದರೆ ಇಲ್ಲಿ ಯಾಕೆ ಫ್ರೇಮು ಆಗುವುದಿಲ್ಲ? (ಓದುಗರು, ಮುಳ್ಳೇರಿಯ)

ಉತ್ತರ: ಇದೆ. ಕೊಲ್ಲಂ ಜಿಲ್ಲೆಯ ಚವರದ ಕಪ್ಪು ಮರಳಿನಲ್ಲಿ ಇಲ್ಮನೈಟ್ ಎಂಬ ಅದಿರು ಧಾರಾಳ. ಪ್ರಪಂಚದಲ್ಲಿ ಇಂಥ ಅದಿರಿನ ಬಹುಪಾಲು ಹೋಗುವುದು ಬಿಳಿ ಬಣ್ಣದ ಪುಡಿ ಮಾಡಲಿಕ್ಕೆ, ನಿಮ್ಮ ಗೋಡೆಯ ಪೈಂಟಿನಲ್ಲಿರುವುದೂ ಅದೇ. ಚವರದ ಸರಕಾರಿ ಕಾರ್ಖಾನೆಯಲ್ಲಿ ಟೈಟಾನಿಯಂ ಸ್ಪಾಂಜ್, ಅಂದರೆ ಲೋಹದ ಮೊದಲ ರೂಪ, ಮಾಡುವ ಘಟಕ 2011ರಲ್ಲಿ ಶುರುವಾಯಿತು, ವರ್ಷಕ್ಕೆ 500 ಟನ್ ಸಾಮರ್ಥ್ಯದ್ದು. ಇಸ್ರೋ ಅದಕ್ಕೆ ಹಣ ಕೊಟ್ಟದ್ದು ರಾಕೆಟ್ಟಿನ ಕೆಲಸಕ್ಕಾಗಿ. ಸ್ಪಾಂಜಿನಿಂದ ಸೈಕಲ್ ಪೈಪಿಗೆ ದಾರಿ ದೂರ. ಕರಗಿಸಿ, 3 ಶೇಕಡ ಅಲ್ಯೂಮಿನಿಯಂ, 2.5 ಶೇಕಡ ವನಾಡಿಯಂ ಬೆರೆಸಿ, ಜೋಡಣೆಯಿಲ್ಲದ ತೆಳು ಕೊಳವೆಯಾಗಿ ಎಳೆಯಬೇಕು. ವಿಮಾನದ ಹೈಡ್ರಾಲಿಕ್ ಪೈಪಿಗೆಂದು ಬಂದ ಮಿಶ್ರಲೋಹ ಅದು, ಸೈಕಲ್ಲಿನವರು ಎರವಲು ಪಡೆದರು. ಬೇಕಾದ ಕೈಗಳು ನಮ್ಮಲ್ಲಿ ಖಂಡಿತ ಇವೆ. ಪೈಪು ಎಳೆದು ಕೊಡುವವರು ಮತ್ತು ಅಷ್ಟು ಬೆಲೆ ಕೊಟ್ಟು ಕೊಳ್ಳುವವರು ಬೇಕು.

ಪ್ರಶ್ನೆ: ನನ್ನ ಟೈಟಾನಿಯಂ ಫ್ರೇಮಿನಲ್ಲಿ ಬಿಬಿ ಹತ್ತಿರ ಕೂದಲೆಳೆಯಂಥ ಗೆರೆ ಕಾಣುತ್ತಿದೆ. ಇಲ್ಲಿನ ವರ್ಕ್‌ಶಾಪಿನವರು ಆರ್ಗಾನ್‌ನಲ್ಲಿ ಒಂದು ಟಚ್ ಕೊಟ್ಟರೆ ಸಾಕು ಅನ್ನುತ್ತಾರೆ. ಮಾಡಿಸಲೇ? (ಓದುಗರು, ಉಪ್ಪಳ)

ಉತ್ತರ: ಬೇಡ ಮಾರಾಯ್ರೇ, ದಯವಿಟ್ಟು ಬೇಡ. ಸ್ಟೀಲಿನ ಗೇಟು, ಮೆಟ್ಟಿಲಿನ ಕಂಬಿ ಮಾಡುವ ಆರ್ಗಾನ್ ಮೆಷಿನ್ ಅದೇ ಇರಬಹುದು, ಮಾಡುವವರೂ ಜಾಣರೇ ಇರಬಹುದು. ಆದರೆ ಟೈಟಾನಿಯಂ ಸುಮಾರು 430 ಡಿಗ್ರಿಗಿಂತ ತಣ್ಣಗಾಗುವವರೆಗೂ ಬೆಸುಗೆಯ ಎರಡೂ ಮುಖಕ್ಕೆ ಆರ್ಗಾನ್ ಹೊದಿಕೆ ಬೇಕು. ಇಲ್ಲದಿದ್ದರೆ ಗಾಳಿಯ ಆಮ್ಲಜನಕ, ಸಾರಜನಕವನ್ನು ಹೀರಿಕೊಂಡು ಗಾಜಿನ ಗುಣಕ್ಕೆ ಬರುತ್ತದೆ. ಹೊರಗೆ ನೋಡಲು ಚಂದ, ಒಳಗೆ ಪೆಡಸು. ಮೊದಲು ಅದು ಬಿರುಕೋ ಗೀರೋ ತಿಳಿಯಬೇಕು. ಸೊಂಟಪಟ್ಟಿಯ ಬಕಲ್ಲು, ಚೈನು ತಾಗಿದರೂ ಅಂಥ ಗೆರೆ ಆಗುತ್ತದೆ. ಬಿರುಕು ಸಾಮಾನ್ಯವಾಗಿ ಬೆಸುಗೆಯ ಅಂಚಿನಿಂದ ಹೊರಡುತ್ತದೆ. ಒರೆಸಿದ ಮೇಲೂ ಅದರಿಂದ ಎಣ್ಣೆ ಒಸರಿದಂತೆ ಕಾಣಬಹುದು. ಬಿರುಕೇ ಆಗಿದ್ದರೆ ಕಟ್ಟಿದವರನ್ನೇ ಮೊದಲು ಕೇಳಬೇಕು. ಹೆಚ್ಚಿನ ಕಂಪೆನಿಗಳ ಗ್ಯಾರಂಟಿ ಮೊದಲ ಮಾಲೀಕನಿಗೆ ಮಾತ್ರ ಇದ್ದರೂ, ಹಣ ಕೊಟ್ಟರೆ ಸರಿ ಮಾಡಿಕೊಡುವವರು ಇದ್ದಾರೆ. ಡೈ ಪೆನೆಟ್ರಂಟ್, ಅಂದರೆ ಬಿರುಕಿನೊಳಗೆ ಇಳಿದು ಅದನ್ನು ತೋರಿಸಿಕೊಡುವ ಬಣ್ಣ, ಹಾಕಿ ನೋಡುವ ಸಾಮಾನು ನನ್ನಲ್ಲಿದೆ, ಫ್ರೇಮನ್ನು ಕುಂಬಳೆಗೆ ತನ್ನಿ. ತರುವಾಗ ತುಳಿದುಕೊಂಡು ಬರಬೇಡಿ, ಬಸ್ಸಿಗೆ ಹಾಕಿಕೊಂಡು ಬನ್ನಿ.